ಚಿಕ್ಕ ಕೋರ್ಟಿನ ನೀರು

ಮಾರ್ಚ್ 4, ಮಂಗಳವಾರ. ಸಂಜೆ

ಬಾಟಲಿಗಳನ್ನು ತೊಳೆದದ್ದಾಯಿತು. ತೊಳೆದ ನೀರು ಬಕೆಟ್ಟಿಗೆ — ಅದು ಟಾಯ್ಲೆಟ್ಟಿಗೆ. ಮಗು ಝೀಟಾಳ ಮೈ ಒರೆಸಿದ ನೀರು ನಿಂಬೆ ಗಿಡಕ್ಕೆ. ಅಂಗಳದ ಕಪ್ಪು ಟ್ಯಾಂಕಿನ ಹೊಟ್ಟೆ ತಟ್ಟಿ ನೋಡಿದೆ. ಮುಕ್ಕಾಲು ಪಾಲು ಟೊಳ್ಳು ಸದ್ದು. ನೀರಿನ ಲಾರಿ ಗುರುವಾರ ಬರಬೇಕು. ಬಂದರೆ.

ಒಂದು ಕೈಯಲ್ಲಿ ಬರೆಯುತ್ತಿದ್ದೇನೆ. ಇನ್ನೊಂದರಲ್ಲಿ ಝೀಟಾ. ಕೆಳಗಿಟ್ಟರೆ ಏಳುತ್ತಾಳೆ.

ಬೆಳಿಗ್ಗೆ ವಿಸೇಲಿಯಾ ಊರಿನ ಕೋರ್ಟು. ಕೇಸು ಎಲ್ಲಿಗೆ ಬಂತು ಎಂದು ವಿಚಾರಿಸುವ ದಿನ, ಅಷ್ಟೇ. ನಾನು ಲಾರಿಯ ರಸೀದಿಗಳನ್ನೆಲ್ಲ ಜೋಡಿಸಿಕೊಂಡು ಹೋಗಿದ್ದೆ. ಜಡ್ಜ್ ಅಮ್ಮ ಅದನ್ನು ಮುಟ್ಟಲೂ ಇಲ್ಲ. ಕನ್ನಡಕದ ಮೇಲಿಂದ ನೋಡಿ ಕೇಳಿದರು —

“ಮಿಸೆಸ್ ಟೋಸ್ಟೆ, ನಿಮಗೆ ಬೇಕಾಗಿರೋದು ದುಡ್ಡೋ, ನೀರೋ?”

“ನೀರು.”

“ನೀವು ಹಾಕಿರೋದು ಲಿಮಿಟೆಡ್ ಕೇಸು. ಇದರಲ್ಲಿ ನಾನು ದುಡ್ಡು ಕೊಡಿಸಬಹುದು, ಅದೂ ಮೂವತ್ತೈದು ಸಾವಿರ ಡಾಲರಿನೊಳಗೆ. ಪಕ್ಕದವರ ಬಾವಿಯಿಂದ ಬರೋ ಪೈಪು ನಿಮ್ಮ ಹಕ್ಕು, ಅದನ್ನ ಯಾರೂ ಯಾವತ್ತೂ ಮುಚ್ಚಬಾರದು ಅಂತ ಆರ್ಡರ್ ಮಾಡೋಕೆ ಇದರಲ್ಲಿ ಅಧಿಕಾರ ಇಲ್ಲ.”

“ಮತ್ತೆ ಯಾರಿಗಿದೆ?”

“ನನಗೇ. ಕೇಸು ಅನ್‌ಲಿಮಿಟೆಡ್ ಆಗಿದ್ದಿದ್ರೆ.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅದೇ ಕೋಣೆ, ಅದೇ ಕುರ್ಚಿ, ಅದೇ ಹೆಂಗಸು. ಮೊದಲ ಪುಟದಲ್ಲಿ ನಾನು ಒಂದು ಚೌಕಕ್ಕೆ ಹಾಕಿದ ಗುರುತು ಮಾತ್ರ ಬೇರೆ.

ಕಿವಿ ಇನ್ನೂ ಬಿಸಿ.


ಮಾರ್ಚ್ 5, ಬುಧವಾರ. ಮಧ್ಯಾಹ್ನ

ನಿದ್ದೆ ಇಲ್ಲ. ಝೀಟಾ ಮಲಗಿದ್ದಳು, ನಾನು ಮಲಗಲಿಲ್ಲ. ಅವಳ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಾ ಕೂತೆ. ಮತ್ತೆ ಆ ಚೌಕ. ಮತ್ತೆ ಉಸಿರು.

ಮಾವ ಚರ್ಚಿನಿಂದ ಬಂದರು, ಹಣೆಯ ಮೇಲೆ ಬೂದಿಯ ಶಿಲುಬೆ. ಇಂದಿನಿಂದ ಉಪವಾಸ ಕಾಲ. ಕಾಫಿಗೆ ಸಕ್ಕರೆ ಬೇಡ ಎಂದರು. ಕೋರ್ಟಿನ ವಿಷಯ ಹೇಳಿದೆ. ತಲೆಯಾಡಿಸುತ್ತಾ ಕೇಳಿದರು, ಕೊನೆಗೆ —

“ದೊಡ್ಡದಕ್ಕೆ ಹಾಕೋದು ಬೇಡ ಮಗಳೇ.”

ಆ ಗುರುತು ನನ್ನ ಕೈ ಹಾಕಿದ್ದು. ಹಾಕಿಸಿದ್ದು ಮಾವನ ಮಾತು. ಡಿಸೆಂಬರಿನಲ್ಲಿ, ಇದೇ ಮೇಜಿನ ಮೇಲೆ, ನಾನು ಫಾರಂ ತುಂಬುವಾಗ ಎದುರು ಕೂತಿದ್ದರು. ಲಿಮಿಟೆಡ್, ಅನ್‌ಲಿಮಿಟೆಡ್ ಎಂದರೇನು ಎಂದು ಕೇಳಿದರು. ಒಂದು ಚಿಕ್ಕ ಕೇಸಿಗೆ, ಇನ್ನೊಂದು ದೊಡ್ಡ ಕೇಸಿಗೆ ಎಂದೆ. ಫ್ರೆಸ್ನೋದಲ್ಲಿ ಬಿ.ಎ. ಮಾಡಿದವಳು, ಅಷ್ಟೇ ಹೇಳಿದೆ. ಅಷ್ಟೇ ನನಗೆ ಗೊತ್ತಿದ್ದದ್ದು.

“ಹಾಗಾದ್ರೆ ಚಿಕ್ಕದು. ಅಲ್ಬಾನೊ ನನ್ನ ಕಂಪಾದ್ರೆ. ಅವನ ಹೆಸರು ದೊಡ್ಡ ಕೋರ್ಟಲ್ಲಿ ಕೂಗಿಸ್ತೀವಾ? ಚಿಕ್ಕದಾಗಿ ಒಂದು ಮಾತು ಕೇಳ್ದ ಹಾಗೆ ಇರ್ಲಿ. ಅವನು ಅರ್ಥ ಮಾಡ್ಕೋತಾನೆ.”

ಕಂಪಾದ್ರೆ. ನನ್ನ ಗಂಡ ನೆಲ್ಸನ್‌ಗೆ ಜ್ಞಾನಸ್ನಾನ ಮಾಡಿಸುವಾಗ ಚರ್ಚಿನಲ್ಲಿ ಎತ್ತಿಕೊಂಡವರು ಅಲ್ಬಾನೊ ಬೋರ್ಬಾ. ಮಗುವಿನ ಅಪ್ಪ, ಧರ್ಮಪಿತ — ಇಬ್ಬರೂ ಅಂದಿನಿಂದ ಒಬ್ಬರಿಗೊಬ್ಬರು ಕಂಪಾದ್ರೆ. ನಮ್ಮವರಲ್ಲಿ ಅದು ಒಡಹುಟ್ಟಿದ್ದಕ್ಕಿಂತ ಗಟ್ಟಿ. ಇಬ್ಬರೂ ಒಂದೇ ದ್ವೀಪದಿಂದ ಇಲ್ಲಿಗೆ ವಲಸೆ ಬಂದವರು, ಒಂದೇ ಕೊಟ್ಟಿಗೆಯಲ್ಲಿ ಹಾಲು ಕರೆದವರು. ಬೋರ್ಬಾ ಜಮೀನು ಕೊಂಡರು. ಮಾವ ಈ ಮನೆ ಕೊಂಡರು. ನಮ್ಮ ಬಾವಿ ಬತ್ತಿದ ಬೇಸಿಗೆ ಬೋರ್ಬಾ ತಮ್ಮ ಆಳದ ಬಾವಿ ತೋರಿಸಿ, “ಪೈಪು ಹೂಳು. ಈ ಮನೆ ನಿಂತಿರೋವರೆಗೂ ನೀರು ನಿನ್ನದು” ಅಂದರಂತೆ. ಕೈ ಕುಲುಕಿದರಂತೆ. ಕಾಗದ ಇಲ್ಲ. ಕಾಗದ ಕೇಳಿದ್ದರೆ ಅವಮಾನ.

ಈಗ ಜಮೀನು ನೋಡುವವಳು ಬೋರ್ಬಾ ಅವರ ಮಗಳು ಗ್ಲೋರಿಯಾ. ಹಸುಗಳನ್ನು ಮಾರಿದಳು. ಪಿಸ್ತಾ ಹಾಕಿದಳು. ಝೀಟಾ ಹುಟ್ಟುವುದಕ್ಕೆ ಸ್ವಲ್ಪ ಮೊದಲು ನಮ್ಮ ಪೈಪಿನ ವಾಲ್ವ್ ಮುಚ್ಚಿದಳು. ಜಮೀನು ಇನ್ನೂ ಮುದುಕರ ಹೆಸರಿನಲ್ಲೇ ಇರುವುದರಿಂದ ಕೇಸಿನಲ್ಲೂ ಅವರದೇ ಹೆಸರು.


ಮಾರ್ಚ್ 7, ಶುಕ್ರವಾರ

ವಕೀಲರಿಲ್ಲದವರಿಗೆ ಕೋರ್ಟಿನ ಕೆಳಮಹಡಿಯಲ್ಲಿ ಒಂದು ಸಹಾಯದ ಕೋಣೆ. ಅಲ್ಲಿ ಒರಾಲಿಯಾ ಎಂಬಾಕೆ. ಝೀಟಾಳನ್ನು ಕಂಡೊಡನೆ ಮುಖ ಅರಳಿತು. ನನ್ನ ಕಾಗದ ಕಂಡೊಡನೆ ಮುದುಡಿತು.

“ಮೊದಲೇ ಹೇಳ್ಬಿಡ್ತೀನಿ ಅಮ್ಮಾ, ನಾನು ಸಲಹೆ ಕೊಡೋ ಹಾಗಿಲ್ಲ. ಮಾಹಿತಿ ಮಾತ್ರ.”

“ನೀವು ನನ್ನ ಜಾಗದಲ್ಲಿ ಇದ್ದಿದ್ರೆ ಏನ್ ಮಾಡ್ತಿದ್ರಿ?”

“ನಿಮ್ಮ ಜಾಗದಲ್ಲಿದ್ರೆ ಇಲ್ಲಿಗೆ ಬಂದು ಇದನ್ನೇ ಕೇಳ್ತಿದ್ದೆ. ಈ ಜಾಗದಲ್ಲಿರೋ ನಾನು ಇದನ್ನೇ ಹೇಳ್ತಿದ್ದೆ.”

ನಕ್ಕುಬಿಟ್ಟೆ. ಎಷ್ಟು ದಿನವಾಗಿತ್ತು.

ಮಾಹಿತಿ ಇದು. ಎದುರಿನವರು ಉತ್ತರ ಹಾಕುವ ಮೊದಲೇ, ತಿದ್ದಿದ ದಾವಾಪತ್ರದ ಮೊದಲ ಪುಟದಲ್ಲಿ ವರ್ಗ ಬದಲಾಯಿಸಿದೆ ಎಂದು ಒಂದು ಸಾಲು ಸೇರಿಸಿದ್ದರೆ ಸಾಕಿತ್ತು. ಯಾರನ್ನೂ ಕೇಳಬೇಕಿರಲಿಲ್ಲ. ಗ್ಲೋರಿಯಾಳ ವಕೀಲ ಜನವರಿಯಲ್ಲೇ ಉತ್ತರ ಹಾಕಿದ್ದಾನೆ. ಈಗ ಜಡ್ಜಿಗೆ ಅರ್ಜಿ ಕೊಡಬೇಕು. ಎರಡು ಮಾತು ತೋರಿಸಬೇಕು. ಕೇಸು ತಪ್ಪು ವರ್ಗದಲ್ಲಿದೆ ಎಂಬುದು ಒಂದು. ಇಷ್ಟು ದಿನ ಯಾಕೆ ಕೇಳಲಿಲ್ಲ ಎಂಬುದಕ್ಕೆ ಒಳ್ಳೆಯ ಕಾರಣ ಇನ್ನೊಂದು.

“ಎಂಥ ಕಾರಣ ಒಳ್ಳೇದು?”

“ಅದು ಸಲಹೆ ಆಗತ್ತೆ.” ಆಮೇಲೆ ದನಿ ತಗ್ಗಿಸಿ, “ನಿಜ ಬರೀರಿ. ನಿಜ ಬರೆಯೋಕೆ ಯಾರ ಸಲಹೆನೂ ಬೇಡ.”


ಮಾರ್ಚ್ 8, ಶನಿವಾರ

ನಿಜ ಬರೆಯುತ್ತೇನೆ ಎಂದೆ ಮಾವನಿಗೆ. ಕಂಪಾದ್ರೆಯ ಮರ್ಯಾದೆಗಾಗಿ ಚಿಕ್ಕ ಕೋರ್ಟು ಎಂದು ನೀವೇ ಹೇಳಿದಿರಿ ಎಂದು.

ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಬಿತ್ತು.

“ಅದನ್ನ ಗ್ಲೋರಿಯಾ ಓದ್ತಾಳಾ?”

“ಎಲ್ಲರೂ ಓದಬಹುದು ಮಾವ. ಕೋರ್ಟಿನ ಕಾಗದ.”

“ಈ ಸೆರಾಫಿಮ್ ಟೋಸ್ಟೆಗೆ ಚೌಕ ಯಾವ್ದು, ಕೋರ್ಟು ಯಾವ್ದು ಗೊತ್ತಾಗಲ್ಲ ಅಂತ ಇಡೀ ತುಲಾರಿ ಊರು ಓದ್ಲಿ. ಚರ್ಚಿನ ಫೆಸ್ತಾ ಹಬ್ಬದಲ್ಲಿ ಸೂಪು ಬಡಿಸೋರೂ ಓದ್ಲಿ. ಪಾದ್ರಿಗಳೂ ಓದ್ಲಿ!”

ನೆಲ್ಸನ್ ಮಧ್ಯೆ ಬಾಯಿ ಹಾಕಿದ. ಹಾಲಿನ ಟ್ಯಾಂಕರ್ ಓಡಿಸಿ ಬಂದವನು, ಕೂತಲ್ಲೇ ತೂಕಡಿಸುತ್ತಿದ್ದ. “ಅಪ್ಪಾ, ಪಾದ್ರಿಗಳು ಫುಟ್‌ಬಾಲ್ ಸ್ಕೋರ್ ಬಿಟ್ಟು ಏನೂ ಓದಲ್ಲ.”

ಮಾವ ನಗಲಿಲ್ಲ. ಎದ್ದು ಹೊರಗೆ ಹೋಗಿ ಒಣಗಿದ ಹಳೆಯ ನಲ್ಲಿಯ ಹತ್ತಿರ ನಿಂತರು. ಕಿಟಕಿಯಿಂದ ಬೆನ್ನು ಮಾತ್ರ ಕಾಣುತ್ತಿತ್ತು. ಹಾಲು ಕರೆದು ಕರೆದು ಬಾಗಿದ ಬೆನ್ನು.

ಬರೆದೆ: ‘ಕಾನೂನಿನ ತಿಳಿವಳಿಕೆ ಇಲ್ಲದೆ ತಪ್ಪಾಗಿ ಗುರುತು ಹಾಕಿದೆ.’ ಒಂದೇ ಸಾಲು.

ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ… ಇರಲಿ.


ಮಾರ್ಚ್ 13, ಗುರುವಾರ

ಅರ್ಜಿ ಕೊಟ್ಟಾಯಿತು. ವಿಚಾರಣೆ ಏಪ್ರಿಲ್ 10.

ಝೀಟಾಳ ಮೊಣಕೈ ಸಂದಿಯಲ್ಲಿ ಕೆಂಪು. ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿಯೇ ಹೀಗೆ ಎಂದರು ಡಾಕ್ಟರ್. “ದಿನಾ ಟಬ್ಬಲ್ಲಿ ನೆನೆಸಿ ಸ್ನಾನ ಮಾಡಿಸಿ, ಧಾರಾಳವಾಗಿ.” ಧಾರಾಳವಾಗಿ! ಹೂಂ ಎಂದು ತಲೆಯಾಡಿಸಿ ಬಂದೆ.


ಮಾರ್ಚ್ 24, ಸೋಮವಾರ. ಝೀಟಾ ಮಲಗಿದಾಗ

ಗ್ಲೋರಿಯಾ ಬಂದಿದ್ದಳು. ಪಿಕಪ್ಪು ಗೇಟಿನ ಹೊರಗೇ ನಿಲ್ಲಿಸಿ, ನಡೆದು ಬಂದಳು. ಕೈಯಲ್ಲಿ ಮಗುವಿಗೊಂದು ಸ್ವೆಟರ್. ಅವಳೇ ಹೆಣೆದದ್ದು. ಹಳದಿ.

ಒಳಗೆ ಕರೆದೆ. ಕರೆಯದೆ ಇರುವುದು ಹೇಗೆಂದು ನನಗೆ ಗೊತ್ತಿಲ್ಲ.

“ಲಿಡಿಯಾ, ಇದನ್ನ ಯಾಕೆ ದೊಡ್ಡದು ಮಾಡ್ತಿದೀಯ? ಚಿಕ್ಕ ಕೇಸಾಗಿತ್ತು. ನೀನು ಲಾರಿ ಖರ್ಚು ಕೇಳಿದ್ದೆ. ಕೊಟ್ಬಿಡ್ತೀನಿ. ಇವತ್ತೇ ಬೇಕಾದ್ರೂ.”

“ನೀರು ಬಿಡು ಗ್ಲೋರಿಯಾ. ಖರ್ಚು ಬೇಡ.”

“ನೀರೂ ಬಿಡ್ತೀನಿ. ಮಾರಾಟ ಮುಗಿಯೋವರೆಗೆ.”

“ಯಾವ ಮಾರಾಟ?”

ತುಟಿ ಕಚ್ಚಿಕೊಂಡಳು. ಬಾಯಿಂದ ಜಾರಿಹೋಗಿತ್ತು. ಆಮೇಲೆ ಮುಚ್ಚಿಡಲಿಲ್ಲ, ಅದು ಅವಳ ಒಳ್ಳೆಯತನ. ಪಿಸ್ತಾ ಕಂಪನಿಯೊಂದು ಜಮೀನು ಕೇಳುತ್ತಿದೆ. ಬಾವಿಗೆ ಹೊರಗಿನವರ ಪೈಪು ಇರಬಾರದು ಎಂಬುದು ಅವರ ಷರತ್ತು.

“ಅಪ್ಪನಿಗೆ ಎಂಬತ್ತಾಯ್ತು. ಬ್ಯಾಂಕಿನವರು ದಿನಾ ಫೋನು. ತಂಗಿಯರಿಬ್ಬರೂ ಪಾಲು ಪಾಲು ಅಂತಾರೆ. ಗಿಡಗಳು ಕಾಯಿ ಬಿಡೋಕೆ ಇನ್ನೂ ವರ್ಷಗಳು ಬೇಕು. ನೀನೊಬ್ಬಳೇ ತಾಯಿ ಅಂದ್ಕೊಂಡಿದೀಯಾ? ನನಗೂ ಮಕ್ಕಳಿದಾರೆ.”

ಅವಳ ಕಣ್ಣ ಕೆಳಗೂ ಕಪ್ಪು. ಅವಳೂ ಮಲಗುವುದಿಲ್ಲ ಅನ್ನಿಸಿತು. ಒಂದು ಕ್ಷಣ ಕೈ ಹಿಡಿಯಬೇಕೆನಿಸಿತು.

“ಮಾರಾಟ ಆದ್ಮೇಲೆ ನಾವು?”

“ಊರಲ್ಲಿ ಬಾಡಿಗೆ ಮನೆಗಳು ಬೇಕಾದಷ್ಟಿವೆ.”

ಕೈ ಹಿಡಿಯಲಿಲ್ಲ.

ನೀರಿಲ್ಲದ ಮನೆಯನ್ನು ಯಾರೂ ಕೊಳ್ಳುವುದಿಲ್ಲ. ಮದುವೆಯಲ್ಲಿ ಮಾವ ನಮ್ಮಿಬ್ಬರ ಹೆಸರಿಗೆ ಬರೆದುಕೊಟ್ಟ ಮನೆ. ಇಷ್ಟೇ ಇರುವುದು. ಚಿಕ್ಕ ಕೋರ್ಟಿನಲ್ಲಿ ಗೆದ್ದರೆ ಒಂದು ಚೆಕ್ ಬರುತ್ತದೆ. ಜಮೀನು ಕೈ ಬದಲಾಗುತ್ತದೆ. ಹೊಸಬರಿಗೆ ನಾವು ಯಾರೂ ಅಲ್ಲ. ದೊಡ್ಡ ಕೋರ್ಟು ಪೈಪು ನಮ್ಮ ಹಕ್ಕು ಎಂದರೆ ಮಾತ್ರ ಆ ಹಕ್ಕು ಜಮೀನಿನ ಜೊತೆಗೇ ಹೋಗುತ್ತದೆ, ಮಾಲೀಕ ಯಾರೇ ಆಗಲಿ. ಒರಾಲಿಯಾ ಹೇಳಿದ್ದು. ಮಾಹಿತಿ.

ಮಾವನಿಗೆ ಮಾರಾಟದ ಸುದ್ದಿ ಹೇಳಿದೆ. ನಂಬಲಿಲ್ಲ. “ಅಲ್ಬಾನೊ ನನಗೆ ಹೇಳದೆ ಮಾರ್ತಾನಾ?”

ಸ್ವೆಟರ್ ಝೀಟಾಗೆ ಸರಿಯಾಗಿದೆ. ಹಾಕಿದೆ, ತೆಗೆದೆ. ಮತ್ತೆ ಹಾಕಿದೆ. ಚಳಿ ಇತ್ತು.


ಏಪ್ರಿಲ್ 2

ನಿದ್ದೆ ಇಲ್ಲ. ಇಲ್ಲ.


ಏಪ್ರಿಲ್ 9, ಬುಧವಾರ. ಸಂಜೆ

ಇಲ್ಲಿ ವಿಚಾರಣೆಯ ಹಿಂದಿನ ದಿನವೇ ಜಡ್ಜ್ ತಮ್ಮ ಮನಸ್ಸಿನಲ್ಲಿರುವುದನ್ನು ಕೋರ್ಟಿನ ವೆಬ್‌ಸೈಟಿನಲ್ಲಿ ಹಾಕುತ್ತಾರೆ — ಕರಡು ಆದೇಶ. ಸಂಜೆ ನಾಲ್ಕರೊಳಗೆ ಯಾರೂ ಫೋನ್ ಮಾಡಿ ತಕರಾರು ಹೇಳದಿದ್ದರೆ ಅದೇ ಆದೇಶ.

ಹಾಲೂಡಿಸುತ್ತಾ ಫೋನಿನಲ್ಲಿ ತೆರೆದೆ. ‘ಅರ್ಜಿ ತಿರಸ್ಕರಿಸಲಾಗುವುದು. ಕಾನೂನು ಗೊತ್ತಿರಲಿಲ್ಲ ಎಂಬುದು ವಿಳಂಬಕ್ಕೆ ಒಳ್ಳೆಯ ಕಾರಣವಲ್ಲ.’

ಓದಿದೆ. ಗಡಿಯಾರ ನೋಡಿದೆ. ಝೀಟಾಳ ಬಾಯಿಂದ ಎದೆ ಬಿಡಿಸಿದೆ. ಕಿರುಚಿದಳು. ಕಿರುಚುತ್ತಿರುವಂತೆಯೇ ಕೋರ್ಟಿಗೆ ಫೋನು: ನಾಳೆ ಮಾತಾಡಬೇಕು. ಎದುರು ಕಡೆಯವರಿಗೂ ನಾನೇ ತಿಳಿಸಬೇಕಂತೆ. ಗ್ಲೋರಿಯಾಳ ವಕೀಲನ ಆಫೀಸಿಗೆ ಫೋನು. ಅಲ್ಲಿ ಎತ್ತಿಕೊಂಡ ಹೆಂಗಸು, “ಸರಿ, ಬರ್ಕೊಂಡೆ… ಅಯ್ಯೋ, ಅದಕ್ಕೆ ಹಾಲು ಕೊಡಿ ಮೊದ್ಲು” ಎಂದಳು.

ನೆಲ್ಸನ್ ಬಂದ ಮೇಲೆ ಕರಡು ತೋರಿಸಿದೆ. ಬೂಟು ಬಿಚ್ಚದೆ ಓದಿದ.

“ನಾಳೆ ಏನ್ ಹೇಳ್ತೀಯ?”

“ನಿಜ.”

“ಅಪ್ಪನ ಎದುರಿಗಾ?”

“ಅವರು ಬರ್ತಾರಾ?”

ಒಳಗಿನಿಂದ ಮಾವನ ದನಿ — “ನನಗೆ ಕಿವಿ ಇನ್ನೂ ಕೇಳ್ಸತ್ತೆ. ಬರ್ತೀನಿ.”


ಏಪ್ರಿಲ್ 10, ಗುರುವಾರ

ಬಂದವಳೇ ಬರೆಯಲು ಕೂತೆ. ಅಕ್ಷರ ಹೇಗೋ ಬರಲಿ.

ಕಾರಿಡಾರಿನ ಬೆಂಚಿನಲ್ಲಿ ಬೋರ್ಬಾ ಕೂತಿದ್ದರು. ಭಾನುವಾರದ ಕೋಟು, ಹ್ಯಾಟು ತೊಡೆಯ ಮೇಲೆ. ಪಕ್ಕದಲ್ಲಿ ಗ್ಲೋರಿಯಾ, ಅವಳ ವಕೀಲ. ನಾವು ನಿಂತುಬಿಟ್ಟೆವು. ನೆಲ್ಸನ್ ಮಾತ್ರ ನಿಲ್ಲಲಿಲ್ಲ. ನಡೆದ ಹಾಗೇ ಹೋಗಿ, ಬಗ್ಗಿ, ಅವರ ಕೈಗೆ ಮುತ್ತಿಟ್ಟ.

“ಆಶೀರ್ವಾದ ಮಾಡಿ, ಪದ್ರಿನೊ.”

ಹುಟ್ಟಿದಾಗಿನಿಂದ ಧರ್ಮಪಿತನನ್ನು ಕಂಡಲ್ಲೆಲ್ಲ ಹೀಗೆ ಕೇಳಿದವನು. ಪೆಟ್ರೋಲ್ ಬಂಕಿನಲ್ಲಿ, ಸಾವಿನ ಮನೆಯಲ್ಲಿ. ಇವತ್ತೂ.

“ದೇವರು ನಿನ್ನ ಕಾಯ್ಲಿ ಮಗನೇ,” ಎಂದರು ಬೋರ್ಬಾ. ತಲೆಯ ಮೇಲೆ ಕೈ ಇಟ್ಟೇ ಇದ್ದರು. ವಕೀಲ ಗ್ಲೋರಿಯಾಳ ಮುಖ ನೋಡಿದ. ಗ್ಲೋರಿಯಾ ಗೋಡೆ ನೋಡಿದಳು.

ಆಮೇಲೆ ಬೋರ್ಬಾ ನನ್ನ ಮಾವನ ಕಡೆ ತಿರುಗಿದರು. ಕೇಸು ಹಾಕಿದ ಮೇಲೆ ಅವರಿಬ್ಬರೂ ಮಾತಾಡಿರಲಿಲ್ಲ.

“ಕಂಪಾದ್ರೆ, ಒಂದು ಮಾತು ಕೇಳ್ತೀನಿ. ಚಿಕ್ಕ ಕೋರ್ಟಿಗೆ ಯಾಕೆ ಎಳೆದೆ ನನ್ನ?”

“ನಿನ್ನ ಮರ್ಯಾದೆಗೆ ಕಣೋ!”

“ಮರ್ಯಾದೆ? ನಾನೇನು ಕೋಳಿ ಕದ್ದವನಾ? ಕ್ರೆಡಿಟ್ ಕಾರ್ಡ್ ಕಟ್ಟದವನಾ? ಇಷ್ಟು ವರ್ಷದ ನೀರು, ನಾನು ಕೊಟ್ಟ ಮಾತು, ಅದಕ್ಕೆ ಚಿಕ್ಕ ಕೋರ್ಟು ಸಾಕು ಅಂದ್ಕೊಂಡೆಯಲ್ಲ. ಅಷ್ಟೇನಾ ನನ್ನ ಮಾತಿನ ಬೆಲೆ?”

ಮಾವ ಝೀಟಾಳನ್ನು ನನ್ನ ಕೈಯಿಂದ ತೆಗೆದುಕೊಂಡು ಎದೆಗೊತ್ತಿಕೊಂಡರು.

“ಅಪ್ಪಾ, ಸಾಕು,” ಎಂದಳು ಗ್ಲೋರಿಯಾ.

“ಮಿಸ್ಟರ್ ಬೋರ್ಬಾ, ದಯವಿಟ್ಟು ಅವರ ಜೊತೆ ಮಾತಾಡ್ಬೇಡಿ,” ಎಂದ ವಕೀಲ.

“ಅವನ ಜೊತೆ ನಾನು ನೀನು ಹುಟ್ಟೋ ಮುಂಚಿನಿಂದ ಮಾತಾಡ್ತಿದೀನಿ!”

ಒಳಗೆ. ಝೀಟಾ ಮಾವನ ತೋಳಿನಲ್ಲಿ. ಜಡ್ಜ್ ಅಮ್ಮ ನನ್ನಿಂದ ಪ್ರಮಾಣ ಮಾಡಿಸಿದರು.

“ಕರಡು ಓದಿದ್ರಲ್ಲ. ನಿಮಗೆ ಮೊದಲಿಂದಲೂ ನೀರೇ ಬೇಕಿತ್ತು. ಹಾಗಿದ್ರೆ ದುಡ್ಡು ಮಾತ್ರ ಯಾಕೆ ಕೇಳಿದ್ರಿ?”

ಬಾಯಿಪಾಠ ಮಾಡಿಕೊಂಡದ್ದೆಲ್ಲ ಹೋಯಿತು. ಹೇಳಿದೆ. ಕೋರ್ಟು ಒಂದು ಸಲ ಕೆಮ್ಮಿದರೆ ಸಾಕು, ವಾಲ್ವ್ ತೆಗೆಯುತ್ತಾರೆ ಎಂದುಕೊಂಡಿದ್ದೆವು. ಎದುರಿರುವವರು ನನ್ನ ಗಂಡನ ಧರ್ಮಪಿತ. ದೊಡ್ಡದಕ್ಕೆ ಹಾಕುವುದು ದೊಡ್ಡ ಜಗಳ ಎಂದುಕೊಂಡೆವು, ಅದಕ್ಕೇ ಚಿಕ್ಕದು. ಅದು ಜಗಳದ ಅಳತೆಯಲ್ಲ, ಕೋರ್ಟಿನ ಅಧಿಕಾರದ ಅಳತೆ ಎಂದು ಮಾರ್ಚಿನಲ್ಲಿ ನೀವು ಹೇಳಿದಾಗಲೇ ತಿಳಿದದ್ದು. ಅರ್ಜಿ ಕೊಟ್ಟ ಮೇಲೆ ಇನ್ನೊಂದು ತಿಳಿಯಿತು, ಜಮೀನು ಮಾರುತ್ತಿದ್ದಾರೆ.

ವಕೀಲ ಎದ್ದ. ಇದು ಅರ್ಜಿಯಲ್ಲಿಲ್ಲ, ಕೇಳಬಾರದು ಎಂದ.

“ಅರ್ಜಿಯಲ್ಲಿಲ್ಲ, ನಿಜ. ನಿಮಗೆ ಉತ್ತರ ಬರೆಯೋಕೆ ಕಾಲ ಕೊಡ್ತೀನಿ,” ಎಂದರು ಜಡ್ಜ್. “ಅದಿರಲಿ, ಮಾರಾಟ ನಡೀತಿದೆಯಾ?”

ವಕೀಲ ಕಾಗದ ಮಗುಚಿದ. ಒಂದು. ಇನ್ನೊಂದು.

“ನಡೀತಿದೆ,” ಎಂದಿತು ಹಿಂದಿನ ಬೆಂಚು. ಬೋರ್ಬಾ.

“ಸರ್, ನಿಮ್ಮ ಪರ ನಿಮ್ಮ ವಕೀಲರು ಮಾತಾಡ್ತಾರೆ.”

“ಮಾತಾಡ್ತಿಲ್ಲವಲ್ಲ ಅಮ್ಮಾ.”

ಜಡ್ಜ್ ತುಟಿ ಬಿಗಿಹಿಡಿದರು. ನಗುವಿಗೋ ಕೋಪಕ್ಕೋ. ಆದೇಶ ಆಮೇಲೆ ಕಳಿಸುತ್ತೇವೆ ಎಂದರು. ಅಷ್ಟೇ.

ಮಾರಾಟದ ಬಗ್ಗೆ ಮಾವ ಒಂದು ಮಾತೂ ಎತ್ತಲಿಲ್ಲ. ಮನೆಗೆ ಬಂದು ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿಕೊಂಡರು.


ಏಪ್ರಿಲ್ 15

ಇನ್ನೂ ಇಲ್ಲ. ಅಂಚೆಯವಳು ನನ್ನ ಕಂಡರೆ ದೂರದಿಂದಲೇ ಕೈಯಾಡಿಸುತ್ತಾಳೆ — ಇಲ್ಲ ಇಲ್ಲ.

ತಿರಸ್ಕರಿಸಿದರೆ? ಟ್ಯಾಂಕು ಎಷ್ಟು ದಿನ? ಈ ಬೇಸಿಗೆಗೆ ಕೌಂಟಿ ಆಡಳಿತದವರು ಲಾರಿ ನಿಲ್ಲಿಸಿದರೆ? ಝೀಟಾ ತೆವಳಲು ಶುರು ಮಾಡಿದರೆ, ನೆಲ ಒರೆಸಲು… ಬರೆಯಬಾರದು. ಬರೆದಷ್ಟೂ ಬೆಳೆಯುತ್ತದೆ.


ಏಪ್ರಿಲ್ 17, ಗುರುವಾರ

ಬಂತು.

ಅರ್ಜಿ ಒಪ್ಪಿದ್ದಾರೆ. ಮೂರು ಸಲ ಓದಿದೆ, ಮೂರು ಸಲವೂ ಒಪ್ಪಿದ್ದಾರೆ. ಹೊಸ ವರ್ಗದ ಶುಲ್ಕ ಕಟ್ಟಬೇಕು, ತಿದ್ದಿದ ದಾವಾಪತ್ರ ಹಾಕಬೇಕು, ಮುಂದಿನ ವಾರದೊಳಗೆ. ತಪ್ಪಿದರೆ ಕೇಸು ಹಳೆಯ ವರ್ಗದಲ್ಲೇ ಉಳಿಯುತ್ತದೆ.

ನೆಲ್ಸನ್‌ಗೆ ಫೋನು ಮಾಡಿದೆ. ಟ್ಯಾಂಕರಿನ ಹಾರ್ನು ಒತ್ತಿ ಹಿಡಿದ. ನನಗೆ ಕೇಳಿಸಲೆಂದು.

ನೀರಿಗೆ ಇನ್ನೂ ಕೇಸು ನಡೆಯಬೇಕು. ಸೋಲಲೂಬಹುದು. ಆದರೆ ಈಗ ಕೇಳಬಹುದು. ಕೇಳುವ ಜಾಗಕ್ಕೆ ಬಂದೆವು.


ಏಪ್ರಿಲ್ 19, ಪವಿತ್ರ ಶನಿವಾರ

ಸಿಹಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಅಂಗಳದಲ್ಲಿ ಸೀಳು ಕೆಮ್ಮಿನಂಥ ಸದ್ದು. ಮಾವ ಎಂದುಕೊಂಡೆ. ಮಾವ ಅಲ್ಲ, ಹಳೆಯ ನಲ್ಲಿ. ಕೆಮ್ಮಿತು, ಗಾಳಿ ಉಗುಳಿತು, ಕೆಂಪು ನೀರು ಉಗುಳಿತು. ಆಮೇಲೆ ತಿಳಿ.

ಹಿಟ್ಟಿನ ಕೈಯಲ್ಲೇ ಓಡಿದೆ. ಮಾವ ಆಗಲೇ ನಲ್ಲಿಯ ಕೆಳಗೆ ತಲೆ ಒಡ್ಡಿ ನಿಂತಿದ್ದರು. ಟೋಪಿಯ ಸಮೇತ.

ಸ್ವಲ್ಪ ಹೊತ್ತಿಗೆ ಬೋರ್ಬಾ ಬಂದರು, ಬೇಲಿಗುಂಟ ನಡೆದು. ಏದುಸಿರು. ಕೈಯಲ್ಲಿ ಕಬ್ಬಿಣದ ಚಕ್ರ. ವಾಲ್ವಿನ ತಿರುಗಣೆ. ಬಿಚ್ಚಿ ತಂದಿದ್ದರು.

“ತಗೋ ಕಂಪಾದ್ರೆ. ಇನ್ನು ಯಾರು ಮುಚ್ತಾರೋ ನೋಡ್ತೀನಿ.”

ಮಾವ ಅದನ್ನು ಎರಡು ಕೈಯಲ್ಲಿ ಇಸಿದುಕೊಂಡರು. ಇಬ್ಬರೂ ಮೆಟ್ಟಿಲ ಮೇಲೆ ಕೂತು ವೈನ್ ಕುಡಿದರು.

ಝೀಟಾಗೆ ಟಬ್ಬಿನ ತುಂಬ ಸ್ನಾನ. ಮೊದಲ ಸಲ. ಹೆದರಿದಳು, ಆಮೇಲೆ ಒದೆಯತೊಡಗಿದಳು. ನನ್ನ ಮುಖ ಪೂರ್ತಿ ಒದ್ದೆ. ಎಲ್ಲವೂ ಟಬ್ಬಿನ ನೀರಲ್ಲ.


ಏಪ್ರಿಲ್ 20, ಈಸ್ಟರ್

ಊಟಕ್ಕೆ ಕೂತಾಗ ಮಾವ —

“ನಾಳೆ ಹೋಗಿ ಕೇಸು ವಾಪಸ್ ತಗೊಂಡ್ಬಿಡು ಮಗಳೇ.”

ಚಕ್ರ ಅಡುಗೆಮನೆಯ ಗೋಡೆಯಲ್ಲಿ, ಮಾತೆಯ ಚಿತ್ರದ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು.

“ಮಾವ, ವಾಲ್ವ್ ಮುಚ್ಚೋಕೆ ಚಕ್ರ ಬೇಡ. ಪಾನಾ ಸಾಕು.”

“ಅಲ್ಬಾನೊ ಇರೋವರೆಗೆ ಯಾರೂ ಪಾನಾ ಮುಟ್ಟಲ್ಲ.”

“ಅವರು ಇರೋವರೆಗೆ,” ಎಂದೆ. ಎಂದಿದ್ದಕ್ಕೆ ತಕ್ಷಣ ಬೇಸರವಾಯಿತು. ಮಾವ ತಟ್ಟೆ ಸರಿಸಿ ಎದ್ದರು.

“ನಿನಗೆ ಕೋರ್ಟಿನ ರುಚಿ ಹತ್ತಿದೆ.”

ನೆಲ್ಸನ್ ನನ್ನನ್ನೂ ನೋಡಲಿಲ್ಲ, ಅಪ್ಪನನ್ನೂ ನೋಡಲಿಲ್ಲ. ಕುರಿಮಾಂಸ ತಣ್ಣಗಾಯಿತು.


ಏಪ್ರಿಲ್ 21, ಸೋಮವಾರ

ಹೋಗಲಿಲ್ಲ. ವಾಪಸು ತೆಗೆಯಲೂ ಇಲ್ಲ, ಶುಲ್ಕ ಕಟ್ಟಲೂ ಇಲ್ಲ. ಗಳಿಗೆಗೊಮ್ಮೆ ನಲ್ಲಿ ತಿರುಗಿಸುತ್ತೇನೆ. ಇದೆ. ಮುಚ್ಚುತ್ತೇನೆ. ಮತ್ತೆ ತಿರುಗಿಸುತ್ತೇನೆ. ಮೊದಲು ಝೀಟಾಳ ಉಸಿರೊಂದೇ ಇತ್ತು, ಈಗ ಇದೂ.

ನೀರು ಬಂದ ಮೇಲೂ ನಿದ್ದೆ ಬರುತ್ತಿಲ್ಲ. ಅದೇ ವಿಚಿತ್ರ.


ಏಪ್ರಿಲ್ 23, ಬುಧವಾರ

ಬೇಲಿಯಾಚೆ ಬಿಳಿ ಟ್ರಕ್ಕು. ಸರ್ವೆಯವರು. ಒಬ್ಬಳು ಹೆಂಗಸು ಮೂರುಕಾಲಿನ ಯಂತ್ರದಲ್ಲಿ ಕಣ್ಣಿಟ್ಟಿದ್ದಳು, ಇನ್ನೊಬ್ಬಾತ ಗುಲಾಬಿ ರಿಬ್ಬನ್ ಕಟ್ಟಿದ ಗೂಟ ಹೊಡೆಯುತ್ತಿದ್ದ. ಝೀಟಾಳನ್ನು ಎತ್ತಿಕೊಂಡು ಅಂಗಳದಲ್ಲಿದ್ದೆ. ಮಾವ ಬೇಲಿಗೆ ಹೋದರು. ಅಲ್ಲಿಂದ ಎಲ್ಲ ಕೇಳಿಸುತ್ತಿತ್ತು.

“ಅಲ್ಲಿ ಹೊಡೀಬೇಡಿ! ಕೆಳಗೆ ಪೈಪಿದೆ.”

ಹೆಂಗಸು ಮರ್ಯಾದೆಯಿಂದ ಬಂದಳು. ನಕ್ಷೆ ಬಿಡಿಸಿ ಬೇಲಿಯ ಮೇಲೆ ಹಾಸಿದಳು.

“ಯಾವ ಪೈಪು ಸರ್? ಇದರಲ್ಲಿ ಏನೂ ಇಲ್ಲವಲ್ಲ.”

“ನಾನೇ ಹೂತದ್ದಮ್ಮಾ. ನನ್ನ ಕೈಯಾರೆ. ಕಂಪಾದ್ರೆ ಆ ತುದಿಯಿಂದ ಅಗೆದ, ನಾನು ಈ ತುದಿಯಿಂದ.”

“ಇರಬಹುದು ಸರ್. ಆದ್ರೆ ದಾಖಲೆಯಲ್ಲಿಲ್ಲ. ದಾಖಲೆಯಲ್ಲಿಲ್ಲದ್ದು ನಮಗೆ ಇಲ್ಲ.”

ಮಾವ ನಕ್ಷೆಯ ಮೇಲೆ ಬೆರಳಿಟ್ಟು ಹುಡುಕಿದರು. ತುಂಬ ಹೊತ್ತು. ಆ ಹೆಂಗಸು ಕಾದಳು. ಆಮೇಲೆ ಮೆಲ್ಲಗೆ ಮಡಚಿಕೊಂಡು ಹೋದಳು. ಗೂಟ ಅಲ್ಲೇ ಹೊಡೆದರು.

ಮಾವ ಒಳಗೆ ಬಂದು ಗೋಡೆಯಿಂದ ಚಕ್ರ ತೆಗೆದು ಮೇಜಿನ ಮೇಲಿಟ್ಟು ಕೂತರು. ನಾನು ಬಾಟಲಿ ತೊಳೆಯುತ್ತಿದ್ದೆ. ನಲ್ಲಿ ಸಣ್ಣಗೆ ಬಿಟ್ಟುಕೊಂಡು. ಅಭ್ಯಾಸ.

“ಲಿಡಿಯಾ.”

“ಹೇಳಿ ಮಾವ.”

“ಆ ಶುಲ್ಕದ ಕಿಟಕಿ… ಎಷ್ಟೊತ್ತಿಗೆ ತೆಗೀತಾರೆ?”


ಏಪ್ರಿಲ್ 24, ಗುರುವಾರ. ವಿಸೇಲಿಯಾ, ಕೋರ್ಟಿನಲ್ಲಿ

ಕಾಯುವ ಹಾಲ್. ಚೀಟಿಯ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಆಮೇಲೆ ಅಂಟಿಸಬೇಕು.

ಬಾಗಿಲಲ್ಲಿ ತಪಾಸಣೆಯ ಯಂತ್ರ ಕೂಗಿಕೊಂಡಿತು. ಮಾವನ ಕೋಟಿನ ಜೇಬಿನಿಂದ ಗಾರ್ಡ್ ಕಬ್ಬಿಣದ ಚಕ್ರ ತೆಗೆದ. ತಿರುಗಿಸಿ ನೋಡಿದ.

“ಅಜ್ಜಾ, ಇದೇನಿದು?”

“ನನ್ನ ಕಂಪಾದ್ರೆಯ ಮಾತು.”

“ಇದನ್ನ ಒಳಗೆ ಬಿಡೋ ಹಾಗಿಲ್ಲ.”

“ಗೊತ್ತು,” ಎಂದರು ಮಾವ. “ಅದಕ್ಕೇ ಕಾಗದ ಮಾಡ್ಸೋಕೆ ಬಂದಿರೋದು.”

ಗಾರ್ಡಿಗೆ ಅರ್ಥವಾಗಲಿಲ್ಲ. ಟ್ರೇಯಲ್ಲಿಟ್ಟುಕೊಂಡ, ಹೋಗುವಾಗ ಕೊಡ್ತೀನಿ ಎಂದ.

ತಿದ್ದಿದ ದಾವಾಪತ್ರ ಮಡಿಲಲ್ಲಿದೆ. ಮೊದಲ ಪುಟದಲ್ಲಿ ಅನ್‌ಲಿಮಿಟೆಡ್. ಪ್ರತಿವಾದಿ, ಅಲ್ಬಾನೊ ಬೋರ್ಬಾ. ಮಾವ ಆ ಹೆಸರನ್ನು ಓದಿ, “ಪೂರ್ತಿ ಹೆಸರು ಹಾಕು. ಅಲ್ಬಾನೊ ಜೋಸೆ. ದೊಡ್ಡ ಕೋರ್ಟು” ಎಂದರು. ಪೆನ್ನಿನಲ್ಲಿ ಸೇರಿಸಿದೆ.

ಝೀಟಾ ಹೆಗಲ ಮೇಲೆ ಮಲಗಿದ್ದಾಳೆ. ಹಳದಿ ಸ್ವೆಟರ್. ನನಗೂ ಕಣ್ಣು ಎಳೆಯುತ್ತಿದೆ — ಇಲ್ಲಿ, ಈ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಇಷ್ಟು ಗದ್ದಲದಲ್ಲಿ, ಎಷ್ಟು ತಿಂಗಳ ಮೇಲೆ…

ನಮ್ಮ ನಂಬರು ಕೂಗಿದರು. ಮಾವ ನನಗಿಂತ ಮೊದಲೇ ಎದ್ದು, ಹ್ಯಾಟು ತೆಗೆದು, ಕಿಟಕಿಯ ಕಡೆ ಹೊರಟರು.